ಎರಡು ದೋಣಿ, ಒಂದು ಇಳಿತ

ಲೋಗಿವಿಯಲ್ಲಿ ನೀರಿಳಿದಿತ್ತು.
ಎರಡೂ ದೋಣಿ ಕೆಸರಿನ ಮೇಲೆ, ಕಲ್ಲುಗೋಡೆಗೊರಗಿ,
ಡಾಕ್ಟರ ಮುಂದೆ ಅಂಗಿ ಬಿಚ್ಚಿದವರ ಹಾಗೆ ನಿಂತಿದ್ದವು.
ನಮಗೆ ಸಿಕ್ಕಿದ್ದು ನಾಲ್ಕು ಗಂಟೆ. ಆಮೇಲೆ ಸಮುದ್ರ ಬಂದು
ಅವುಗಳ ಮಾನ ಮುಚ್ಚುತ್ತದೆ.

ಮೊದಲನೆಯದು ಗ್ವೆನ್ನಿಲಿ.
ನಮ್ಮ ಬ್ರೆಟನ್ ಮಾತಿನಲ್ಲಿ ಕವಲುತೋಕೆ ಹಕ್ಕಿ.
ಹಕ್ಕಿಯಂತೆ! ಒಂಬತ್ತು ಟನ್ನು,
ಮೂವತ್ತಾರು ಅಡಿ, ನನ್ನ ಮದುವೆಯ ವರ್ಷ ಕಟ್ಟಿದ್ದು.
ಮೂಗಿನಿಂದ ಚುಕ್ಕಾಣಿಯವರೆಗೂ ಉದ್ದಕ್ಕೆ ಹರಿದ ಅಡಿಯೇಣು,
ಹಿಡಿದ ದಾರಿ ಬಿಡದ ಹಟಮಾರಿ.
ಹಿಂದಕ್ಕೆ ಹೋಗು ಎಂದರೆ ಮಾತ್ರ
ಬಾಡಿಗೆ ಕತ್ತೆಯ ಹಾಗೆ ತನಗೆ ತೋಚಿದ ಕಡೆ ತಿರುಗುತ್ತದಂತೆ.
ಹಾಗೆಂದವನು ಮಾರುವವನೇ, ನಗುತ್ತ.
ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ.

ಎರಡನೆಯದು ಪತಿಯಾಂಸ್. ತಾಳ್ಮೆ ಎಂದರ್ಥ.
ಮೂವತ್ತೆಂಟು ಅಡಿ, ತೆಳು ಹೊಟ್ಟೆ, ಅಗಲ ಬೆನ್ನು,
ಗಾಳಿ ಕೆಮ್ಮಿದರೆ ಸಾಕು, ಓಡುವ ಜಾತಿ.
ಹೆಸರಿಟ್ಟವರು ಅದಲುಬದಲು ಮಾಡಿದ್ದಾರೆ, ಎಂದ ಗುಲ್ವೆನ್.
ಒಳಗೆ ಎರಡು ಕೋಣೆ, ಫ್ರಿಜ್ಜು, ಬಿಸಿನೀರು.
ಮೊಮ್ಮಕ್ಕಳು ಬಂದರೆ, ಎನ್ನುತ್ತ
ಹಾಸಿಗೆಗೆ ಮಂಡಿಯೂರಿ ಒತ್ತಿ ನೋಡಿದ.
ಮೊಮ್ಮಕ್ಕಳಿಗೆ ದೋಣಿ ಕಂಡರೆ ವಾಂತಿ. ನಾನು ಸುಮ್ಮನಿದ್ದೆ.

ಮೂವತ್ತು ವರ್ಷ ಬ್ರೆಹಾ ದ್ವೀಪಕ್ಕೆ ಹೋಗಿಬರುವ ಲಾಂಚಿನ
ಎಂಜಿನ್ ಕೋಣೆಯಲ್ಲಿ ಕಳೆದವಳು ನಾನು.
ಥಳಕು ನೋಡುವುದಿಲ್ಲ, ಹುಳುಕು ಮೂಸುತ್ತೇನೆ.
ಗಡಿಗೆ ಕೊಳ್ಳುವವಳ ಹಾಗೆ ಬೆರಳ ಗೆಣ್ಣಿಂದ ಬಡಿಯುತ್ತ ಹೋದೆ:
ಠಣ್, ಠಣ್, ಠಣ್,
ಪತಿಯಾಂಸಿನ ಕೂವೆಮರದ ಬುಡದಲ್ಲಿ
ಡಬ್.
ಅಂಗೈಯಗಲ. ಒಳಗಿನ ಹಗುರ ಮರ ನೀರು ಕುಡಿದಿದೆ.
ರಿಪೇರಿಗೆ ಆರು ಸಾವಿರ ಯೂರೋ, ಇಲ್ಲವೇ
ಕೇಳಿಸಲೇ ಇಲ್ಲ ಎಂದುಕೊಳ್ಳುವ ಧೈರ್ಯ.

ಗ್ವೆನ್ನಿಲಿಯ ಹೊಟ್ಟೆಯಲ್ಲಿ ಡೀಸೆಲ್, ಒದ್ದೆ ಉಣ್ಣೆ,
ಹೋದ ಶತಮಾನದಲ್ಲಿ ಯಾರೋ ಚೆಲ್ಲಿದ ಈರುಳ್ಳಿ ಸಾರು.
ಎಂಜಿನ್ ಮೇಲೆ ಕೈಯಿಟ್ಟೆ: ಬೆಚ್ಚಗಿತ್ತು.
ನಾವು ಬರುವ ಮುಂಚೆ, ನೀರಿರುವಾಗಲೇ
ಓಡಿಸಿ ಇಟ್ಟಿದ್ದಾನೆ ಕಳ್ಳ, ತಣ್ಣಗಿದ್ದರೆ ಹೊತ್ತದೆಂದು.
ಹಿಡಿಸಿದವನೂ ಅಷ್ಟೇ.

ದಿನಸಿ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು
ಗುಲ್ವೆನ್ ಅಂಕ ಹಾಕುತ್ತಿದ್ದ. ವೇಗ. ನಿದ್ದೆ. ಹಾಯಿಯ ವಯಸ್ಸು. ಬೆಲೆ.
ಅಳೆದು ಸುರಿದು ಕೊನೆಗೆ ಪತಿಯಾಂಸ್
ಎರಡು ಅಂಕ ಮುಂದೆ.
ಬರೆಯುವ ಕೈ ಏಪ್ರಿಲ್ಲಿನಿಂದ ನಡುಗುತ್ತದೆ;
ಅವನ ಏಳು ಒಂದರಂತೆ, ಒಂದು ಅಲೆಯಂತೆ.

ಚೀಟಿಯಲ್ಲಿಲ್ಲದ ಒಂದು ಸಾಲು ನಾನೊಬ್ಬಳೇ ತುಂಬುತ್ತಿದ್ದೆ.
ಪತಿಯಾಂಸಿನ ದೊಡ್ಡ ಹಾಯಿ ಎಳೆದೆ: ಅರ್ಧಕ್ಕೆ ಭುಜ ಸೋತಿತು.
ಗ್ವೆನ್ನಿಲಿಯದು ಗೊಣಗುತ್ತ ತುದಿಯವರೆಗೂ ಏರಿತು.
ಆಮೇಲೆ ಅಂಚಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದೆ,
ತೊಂಬತ್ತೈದು ಕಿಲೋ ಗಂಡಸನ್ನು ನೀರಿನಿಂದ ಮೇಲೆಳೆಯಲು
ಕಾಲೂರುವುದೆಲ್ಲಿ ಎಂದು.
ಅದಕ್ಕೆ ಪತಿಯಾಂಸೇ ವಾಸಿ, ಹಿಂದೆ ಮೆಟ್ಟಿಲಿದೆ.
ಆದರೆ ಎಳೆದ ಮೇಲೆ ಮನೆಗೆ ತರಬೇಕಲ್ಲ,
ರಾತ್ರಿ, ಎದುರುಗಾಳಿಯಲ್ಲಿ, ಒಬ್ಬಳೇ.

ಏನು ಬಿತ್ತು? ಎಂದ ಗುಲ್ವೆನ್.
ಏನಿಲ್ಲ, ಎಂದೆ. ಇನ್ನೂ ಏನಿಲ್ಲ.

ನೀರು ಬಂತು, ಮೊದಲು ಕೆಸರಿನ ಬಿರುಕುಗಳಲ್ಲಿ, ಸದ್ದಿಲ್ಲದೆ.
ಹಗುರದ್ದು ಮೊದಲು ಏಳುತ್ತದೆಂದು ನೋಡುತ್ತಿದ್ದೆವು.
ತೇಲಿದ್ದು ಗ್ವೆನ್ನಿಲಿ. ಅದಕ್ಕೆ ಬೇಕಾದ ಆಳವೇ ಕಡಿಮೆ.
ಗೋಡೆಯಿಂದ ಒಂದು ಗೇಣು ಸರಿದು, ಹಗ್ಗ ಜಗ್ಗಿ ನಿಂತಿತು.
ಪಕ್ಕದಲ್ಲಿ ತಾಳ್ಮೆ ಇನ್ನೂ ಕೆಸರಲ್ಲೇ.

ಹಾಗಾದರೆ ಇದಕ್ಕೊಂದು ಅಂಕ, ಎಂದು ಗುಲ್ವೆನ್
ಪೆನ್ಸಿಲ್ ತೆಗೆದ.
ಮೂರು ಕೊಡು, ಎಂದೆ.